ಮೂರು ದಿನದ ನೀಲ

ಅಪ್ಪನ ಬಲತೋಳಿನಲ್ಲಿ ನೀಲಿ ಬಟ್ಟೆಯ ಒಂದು ಪುಟ್ಟ ಗಂಟು. ಅದರೊಳಗೆ ಹೆಸರುಕಾಳಿಗಿಂತ ತುಸು ದೊಡ್ಡದಾದ ನೀಲದ ಹರಳು. ಬಲಗಣ್ಣಿನ ಮೇಲೆ ಬಿಳಿಯ ಪಟ್ಟಿ. ಎರಡನ್ನೂ ಕಟ್ಟಿದ್ದು ಶನಿವಾರ, ಎರಡನ್ನೂ ಬಿಚ್ಚಬೇಕಾದದ್ದು ಮಂಗಳವಾರ. ನಿಮಗೂ ಗೊತ್ತಿರಬಹುದು, ನೀಲವನ್ನು ಯಾರೂ ನೇರವಾಗಿ ಉಂಗುರಕ್ಕೆ ಕೂರಿಸುವುದಿಲ್ಲ. ಅದು ಶನಿಯ ಹರಳು. ಒಲಿದರೆ ಎತ್ತುತ್ತದೆ, ಮುನಿದರೆ ಮೂರೇ ದಿನದಲ್ಲಿ ಕೆಡವುತ್ತದೆ ಎನ್ನುತ್ತಾರೆ. ಹಾಗಾಗಿ ಮೊದಲು ಕಟ್ಟಿ ನೋಡಬೇಕು. ನಾನು ದಿನಚರಿಯಲ್ಲಿ ಎರಡು ಮನೆ ಗೀಚಿದೆ: ಒಳ್ಳೆಯದು, ಕೆಟ್ಟದ್ದು.

ಅಪ್ಪ ಸುಲ್ತಾನ್ ಬಜಾರಿನಲ್ಲಿ ಸೈಕಲ್ಲಿಗೆ ಚಕ್ರ ಹೂಡಿಕೊಂಡು ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುತ್ತಾನೆ. ಅವನ ಎಡಗಣ್ಣು ಹುಟ್ಟಿನಿಂದಲೇ ಮಂದ. ಅಂಚನ್ನು ಅಳೆಯುವುದು ಬಲಗಣ್ಣೇ. ಶನಿವಾರ ಬೆಳಿಗ್ಗೆ ಅದಕ್ಕೇ ಏನೋ ಸಿಡಿಯಿತು. ಡಾಕ್ಟರು ತೆಗೆದರು. ನೋಟ ಎಷ್ಟು ಉಳಿದಿದೆಯೋ ಪಟ್ಟಿ ಬಿಚ್ಚಿದ ಮೇಲೆಯೇ ಗೊತ್ತಾಗುತ್ತದೆ, ಮಂಗಳವಾರ ಮನೆಯಲ್ಲೇ ಬಿಚ್ಚಿ, ಹನಿ ಹಾಕಿಕೊಂಡು ಬನ್ನಿ ಎಂದರು.

ಅವ್ವ ಅಂದು ಸಂಜೆಯೇ ನನ್ನನ್ನು ಹರಳಿನ ಅಂಗಡಿಗೆ ಎಳೆದೊಯ್ದಳು. ಬೀದರ್ ಕಡೆಯ ಮಾಲೀಕರು ಅಪ್ಪನ ಜನ್ಮದಿನ ಕೇಳಿದರು. ಆಧಾರ್ ನೋಡಿ ಜೂನ್ ಒಂದು ಎಂದೆ. ಅವರು ಗೋಡೆಯ ಮೇಲಿನ, ತಿಂಗಳಿಗೊಂದು ಹರಳು ತೋರಿಸುವ ಪಟ್ಟಿಯಲ್ಲಿ ಜೂನ್ ತಿಂಗಳ ಮುತ್ತಿನತ್ತ ಬೆರಳು ಮಾಡಿದರು.

"ಅದು ಸಾಲಿ ಮಾಸ್ತರ್ ಬರದ ತಾರೀಖ್ರೀ," ಎಂದಳು ಅವ್ವ. "ಅವರ ವರ್ಗದಾಗ ಎಲ್ಲಾರೂ ಒಂದ ದಿನ ಹುಟ್ಟ್ಯಾರ! ಶನಿವಾರ ಸಂತಿಗೆ ಹೊಂಟಾಗ ಹಡದೆ ಅಂತ ನಮ್ಮತ್ತಿ ಹೇಳ್ತಿದ್ಲು."

"ಹಂಗಾದ್ರ ನೀಲಾನ ಬೇಕಲ್ರೀ ಅಕ್ಕಾರ," ಎಂದು ಅವರು ನಕ್ಕರು.

ಗ್ಯಾಸ್ ಸಿಲಿಂಡರ್ ಬಂದ ತಾರೀಖನ್ನೂ ಬರೆದಿಡುವ ನನಗೆ ಅಪ್ಪ ಹುಟ್ಟಿದ ದಿನ ಗೊತ್ತಿಲ್ಲ ಎಂಬುದು ಅಂಗಡಿಯ ಮೆಟ್ಟಿಲಿಳಿಯುವಾಗ ಚುಚ್ಚಿತು.

ಭಾನುವಾರ ಕಣ್ಣು ನೋಯಲಿಲ್ಲ: ಒಳ್ಳೆಯದು. ಹಾಲು ಉಕ್ಕಿ ಒಲೆ ಆರಿತು: ಕೆಟ್ಟದ್ದು. ನಾನು ಬರೆದದ್ದನ್ನು ಅವ್ವ ಓದಿಸಿಕೊಂಡಾಗ ಅಪ್ಪ ಮಂಚದಿಂದಲೇ ಅವಳಿಗೆ ಕೂಗಿ ಹೇಳಿದ: "ಹಾಲು ಉಕ್ಕಿದ್ದು ನೀ ಟಿವಿ ನೋಡಿದ್ದಕ್ಕ. ಶನಿಗ್ಯಾಕ ಹಚ್ತಿ?"

ಅಂಜಿಕೆಗೆ ಓದಿನ ಚಟ ಇರುತ್ತದೆ. ಸೋಮವಾರ ಫೋನಿನಲ್ಲಿ ನೀಲದ ಕುಲಗೋತ್ರ ಹುಡುಕಿದೆ. ನೀಲವೆಂದರೆ ಕುರುಂದ, ಅಲ್ಯೂಮಿನಿಯಮ್ಮೂ ಆಮ್ಲಜನಕವೂ ಬೆಸೆದುಕೊಂಡ, ವಜ್ರವೊಂದನ್ನು ಬಿಟ್ಟರೆ ರತ್ನಗಳಲ್ಲೆಲ್ಲ ಗಟ್ಟಿಯಾದ ಖನಿಜ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಚೂರು ಕ್ರೋಮಿಯಂ ಸೇರಿದರೆ ಮಾಣಿಕ್ಯ. ಚೂರು ಕಬ್ಬಿಣ, ಚೂರು ಟೈಟಾನಿಯಂ ಸೇರಿದರೆ ನೀಲ. ನಾವು ಬೆಲೆ ಕಟ್ಟುವುದು ಕಲ್ಲಿಗಲ್ಲ, ಅದರೊಳಗಿನ ಕಲಬೆರಕೆಗೆ. ಇನ್ನು ಬಣ್ಣಗೆಟ್ಟ ಒರಟು ಕುರುಂದವನ್ನು ಪುಡಿಮಾಡಿ ಸಾಣೆಯ ಚಕ್ರ ಎರೆಯುತ್ತಾರಂತೆ.

ಅಲ್ಲಿಗೆ ನನ್ನ ಓದು ನಿಂತಿತು. "ಅಪ್ಪಾ, ಡಾಕ್ಟರು ಕಣ್ಣಾಗಿಂದ ತೆಗದಿದ್ದು ಕಬ್ಬಿಣಾನೋ, ಕಲ್ಲೋ?"

"ಕಲ್ಲು ಅಂದ್ರು. ಚಕ್ರದ್ದು."

ಕಣ್ಣಿಗೆ ಹೊಕ್ಕದ್ದೂ ತೋಳಿಗೆ ಕಟ್ಟಿದ್ದೂ ಒಂದೇ ಕುಲ! ಸಾಣೆಗೂ ಶನಿಗೂ ಅಕ್ಷರದಲ್ಲಿ ಕೂಡ ಎಷ್ಟು ದೂರ? ಮೂವತ್ತು ವರ್ಷ ಅನ್ನ ಕೊಟ್ಟದ್ದೂ ಅದೇ ಎಂದು ಸಮಾಧಾನಪಡಲು ನೋಡಿದೆ, ಆಗಲಿಲ್ಲ. ಇದನ್ನು ಯಾವ ಮನೆಯಲ್ಲಿ ಬರೆಯುವುದೆಂದು ತಿಳಿಯದೆ ಎರಡರ ನಡುವಿನ ಗೆರೆಯ ಮೇಲೆ ಬರೆದೆ. ಅವ್ವನಿಗೆ ಹೇಳಲಿಲ್ಲ.

ಮಂಗಳವಾರ ಪಟ್ಟಿ ಬಿಚ್ಚಿ, ಹನಿ ಹಾಕಿ, ಅಪ್ಪ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡ. ಅವ್ವ ಗಂಟು ಬಿಚ್ಚಿ ಹರಳನ್ನು ಮುಂದೆ ಹಿಡಿದಳು. "ಏನ್ ಕಾಣಾಕತ್ತೈತ್ರಿ?"

"ನಿನ್ನ ಕೈ. ಅದರಾಗ ಒಂದು ಕರೀ ಕಾಳು."

ಅವ್ವ ಹರಳನ್ನು ಅವನ ಕಣ್ಣಿಗೆ ಇನ್ನೂ ಹತ್ತಿರ ತಂದಳು. ನಾನು ಹರಳನ್ನು ಕಸಿದು ನೋಡಿದೆ. ನಮ್ಮ ಒಂಟಿ ಕೋಣೆಯ ಮಬ್ಬಿನಲ್ಲಿ ನನಗೂ ಅದು ಕಪ್ಪೇ! ಕಬ್ಬಿಣದಂಶ ಹೆಚ್ಚಾದ ನೀಲ ಹೀಗೆ ಕಪ್ಪಿಡುತ್ತದೆಂದು ಓದಿದ್ದೆನಲ್ಲ. ಅಪ್ಪನನ್ನು ಬಾಗಿಲಿಗೆ ಕರೆತಂದು ಹರಳನ್ನು ಬಿಸಿಲಿಗೆ ಹಿಡಿದೆ.

ಅಪ್ಪ ಕತ್ತರಿ ನೋಡುವ ಹಾಗೆ ಕತ್ತು ವಾರೆಮಾಡಿ ಬಹಳ ಹೊತ್ತು ನೋಡಿದ. "ಈಗ ನೀಲಿ," ಎಂದ. ಮತ್ತೆ ಹುಬ್ಬು ಗಂಟಿಕ್ಕಿ, "ಯಾವನ್ಲೇ ಇದಕ್ಕ ಸಾಣಿ ಹಿಡದಾಂವ? ಈ ಕಡೀ ಅಂಚು ಮುಕ್ಕಾಗೈತಿ," ಎಂದ.

ನಾನು ಎರಡೂ ಕಣ್ಣು ಬಿಟ್ಟು ಹುಡುಕಿದೆ. ಮುಕ್ಕು ಕಾಣಲಿಲ್ಲ, ಉಗುರಾಡಿಸಿದಾಗ ತಾಗಿತು.