ಕೆಂಪು ಶಾಯಿಗೆ ಬಗ್ಗದ ತಾಮ್ರ

ಬೆಳಗಿನ ಐದೂಮುಕ್ಕಾಲು. ವರ್ಕ್‌ಶಾಪಿನ ಕಿಟಕಿಗೆ ಬಿಸಿಲು ಬಡಿಯುವ ಮೊದಲೇ, ಲೋಹ ಕೊರೆಯುವ ಲೇತ್ ಯಂತ್ರದಿಂದಲೇ ಹೆಸರು ಬಂದ ಲೇತಕ್ಕ ತಾಮ್ರದ ಕೊನೆಯ ಪದರ ಕೊರೆದು ಮುಗಿಸಬೇಕು. ಬಿಸಿಲು ಬಿದ್ದರೆ ತಾಮ್ರ ಹಿಗ್ಗುತ್ತದೆ, ಅಳತೆ ಕೈಕೊಡುತ್ತದೆ. ಉಸಿರು ಬಿಗಿಹಿಡಿದು ಲೇತಿನ ಹಿಡಿ ತಿರುಗಿಸುತ್ತಾರೆ. ಕೂದಲಿಗಿಂತ ತೆಳುವಾದ ಸುರುಳಿ ಎದ್ದು ಬರುತ್ತದೆ.

ಅವರು ಮಾಡುವುದು ರೆಸೊನೇಟರ್. ಮಿಲಿಮೀಟರ್ ಅಲೆಗಳು ಗೋಡೆಯಿಂದ ಗೋಡೆಗೆ ಬಡಿದು ಬಲಿಯುವ, ಹೆಬ್ಬೆರಳಿನ ಗಾತ್ರದ ತಾಮ್ರದ ಡಬ್ಬಿ. ಓಡುವ ಎಲೆಕ್ಟ್ರಾನುಗಳಿಂದ ಅಲೆ ಹಿಂಡುವ ಫ್ರೀ-ಎಲೆಕ್ಟ್ರಾನ್ ಲೇಸರಿಗೆ ಇದೇ ಗಂಟಲು. ವಿನ್ಯಾಸ ಪಕ್ಕದ ಕಟ್ಟಡದ ವಿಜ್ಞಾನಿಗಳದು, ಕೈ ಇವರದು. ಇಪ್ಪತ್ತಾರು ವರ್ಷ, ನಲವತ್ತೊಂದು ಡಬ್ಬಿ. ಅವರ ಸಂಶೋಧನಾ ಪ್ರಬಂಧಗಳಲ್ಲಿ ಏಳೆಂಟು ಹೆಸರಿರುತ್ತವೆ. ಇವರದು ಒಂದರಲ್ಲೂ ಇಲ್ಲ.

"ನಮ್ಮತ್ತೆ ಕೇಳ್ತಾರೆ, ಇಷ್ಟು ವರ್ಷ ಡಬ್ಬಿ ಮಾಡ್ತೀಯಲ್ಲ, ಒಂದಾದ್ರೂ ಅಡುಗೆಮನೆಗೆ ಬಂತಾ ಅಂತ" ಎಂದು ನಗುತ್ತಾರೆ.

ಹೋದ ತಿಂಗಳು ನಗುವಂತಿರಲಿಲ್ಲ. ನಲವತ್ತೊಂದನೆಯ ಡಬ್ಬಿ ನೂರು ಗಿಗಾಹರ್ಟ್ಸ್‌ನಲ್ಲಿ ಮಿಡಿಯಬೇಕಿತ್ತು. ಪರೀಕ್ಷೆಯಲ್ಲಿ ಮೂವತ್ತು ಮೆಗಾಹರ್ಟ್ಸ್ ಕೆಳಗೆ ಮಿಡಿಯಿತು. ವಿನ್ಯಾಸಕಾರ ನಕ್ಷೆಯ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದ: 'ತಿರಸ್ಕೃತ. ವರ್ಕ್‌ಶಾಪ್ ದೋಷ.'

"ಮೂರು ಮೈಕ್ರಾನ್ ಜಾಸ್ತಿ ಕೊರೆದಿದೀರಿ, ಅದಕ್ಕೇ ಮಿಡಿತ ಇಳಿದಿದೆ. ಗುಜರಿಗೆ ಹಾಕಿ, ಹೊಸದು ಮಾಡಿ."

"ಮಾಡಲ್ಲ. ಮೂರು ಸಲ ಅಳೆದಿದೀನಿ. ಸಾರ್, ನಿಮ್ ಲೇಸರ್ ಒಳಗೆ ಗಾಳಿ ಇರುತ್ತಾ?"

"ಇಲ್ಲ. ನಿರ್ವಾತ."

"ಮತ್ತೆ ಡಬ್ಬಿ ತುಂಬ ಗಾಳಿ ಇಟ್ಕೊಂಡು ಯಾಕೆ ಪರೀಕ್ಷೆ ಮಾಡ್ತಿದೀರಿ?"

ಮೇಲಿನವರಿಗೆ ದೂರು ಕೊಡುತ್ತೇನೆ ಎಂದ ಆತ.

"ಧಾರಾಳವಾಗಿ ಕೊಡಿ. ಮೊದ್ಲು ಪಂಪು ಹಾಕಿ ಗಾಳಿ ತೆಗೀರಿ."

ಗಾಳಿಯಲ್ಲಿ ಅಲೆ ಒಂದು ಕೂದಲೆಳೆಯಷ್ಟು ನಿಧಾನ. ಮಿಡಿತವೂ ಅಷ್ಟೇ ಇಳಿಯುತ್ತದೆ. ನಕ್ಷೆಯ ಲೆಕ್ಕ ನಿರ್ವಾತದ್ದು, ಅವಸರದ ಪರೀಕ್ಷೆ ಗಾಳಿಯದ್ದು. ಪಂಪು ಓಡಿದಂತೆ ಪರದೆಯ ಗೆರೆಯಲ್ಲಿ ಮಿಡಿತ ತೋರಿಸುವ ಗುಳಿ ಬಲಕ್ಕೆ ಸರಿಯುತ್ತಾ ಹೋಗಿ ಸರಿಯಾಗಿ ನೂರಕ್ಕೆ ಬಂದು ನಿಂತಿತು.

ಅಷ್ಟು ಧೈರ್ಯ ಎಲ್ಲಿಂದ ಬಂತು? "ಎರಡನೇ ಡಬ್ಬಿಗೂ ಹೀಗೇ ಅಂದಿದ್ರು. ಹೊಸಬಳು, ಹೆದರಿ ನನ್ ಕೈಯಾರೆ ಗುಜರಿಗೆ ಹಾಕ್ದೆ. ಅದು ಸರಿಯಾಗೇ ಇತ್ತು ಅಂತ ಆಮೇಲೆ ಗೊತ್ತಾಯ್ತು. ಇನ್ನೊಂದ್ಸಲ ಹಾಕ್ತೀನಾ?"

ನಲವತ್ತೊಂದನೆಯ ಡಬ್ಬಿ ಈಗ ಲೇಸರಿನೊಳಗಿದೆ. ನಕ್ಷೆ ಮಾತ್ರ ವರ್ಕ್‌ಶಾಪಿನ ಗೋಡೆಯ ಮೇಲಿದೆ, ಕೆಂಪು ಸಾಲಿನ ಸಮೇತ. ಪಕ್ಕದಲ್ಲೇ ದಾರ ಕಟ್ಟಿದ ಒಂದು ಕೆಂಪು ಪೆನ್ನು ನೇತಾಡುತ್ತಿದೆ. ಪ್ರಬಂಧದಲ್ಲಿ ಹೆಸರು ಬೇಕೇ ಎಂದರೆ ಲೇತಕ್ಕ ಕೈ ಒರೆಸಿಕೊಳ್ಳುತ್ತಾರೆ.

"ಹೆಸರು ಅವರೇ ಇಟ್ಕೊಳ್ಳಲಿ. ಈ ಸಾಲನ್ನ ಮಾತ್ರ ಬರೆದ ಕೈಯೇ ಬಂದು ಹೊಡೆದುಹಾಕ್ಬೇಕು. ಅಲ್ಲೀತನಕ ನಕ್ಷೆ ಇಳಿಸಲ್ಲ."