ಗಿರಣಿ ಓಣಿಯ ಇನ್ನೊಂದು ಹೆಸರು

ಹೋದ ವಾರ ಪುರಸಭೆಯವರು ಬಂದು ನನ್ನ ಮನೆಯ ಕಟ್ಟೆಯ ಮೇಲಿನ ಗೋಡೆಗೆ ನೀಲಿ ತಗಡೊಂದನ್ನು ಬಡಿದು ಹೋದರು. ಬಿಳಿ ಅಕ್ಷರದಲ್ಲಿ 'ಗಿರಣಿ ಓಣಿ' ಎಂದು ಬರೆದಿದೆ. ಹಸಿ ಬಣ್ಣದ ವಾಸನೆ ಎರಡು ದಿನ ಪಡಸಾಲೆಯವರೆಗೂ ಬರುತ್ತಿತ್ತು. ನಲವತ್ತು ವರ್ಷ ನಾನು ಜಗಳಾಡಿಕೊಂಡು ಬಂದ ಮಾತು ಕೊನೆಗೂ ಸರಕಾರಿ ತಗಡಿನ ಮೇಲೆ ಬಂತು. ಗೆದ್ದೆ. ಆದರೆ ಯಾರೊಡನೆ ಜಗಳಾಡುತ್ತಿದ್ದೆನೋ ಅವಳಿಲ್ಲ. ನನ್ನ ಹೆಂಡತಿ ಶಾಂತವ್ವ ತೀರಿಕೊಂಡು ಐದು ತಿಂಗಳಾಯಿತು.

ನಮ್ಮ ರೋಣದಲ್ಲಿ ಓಣಿಗೆ ಯಾರೂ ಕೂತು ಹೆಸರಿಟ್ಟದ್ದಿಲ್ಲ. ಕರೆಯುತ್ತ ಕರೆಯುತ್ತ ಬಿದ್ದ ಹೆಸರು. ಭಾವಿ ಓಣಿಗೆ ಹೋದರೆ ಭಾವಿ ಮುಚ್ಚಿ ಅದರ ಮೇಲೆ ಪಾನಂಗಡಿ ಇಟ್ಟಿದ್ದಾರೆ. ಗಾಣದ ಓಣಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಆದರೂ ಹೆಸರು ಕದಲಿಲ್ಲ. ಹಾಗೆಯೇ ನಮ್ಮಪ್ಪ ಈ ಓಣಿಯಲ್ಲಿ ಹಿಟ್ಟಿನ ಗಿರಣಿ ಹಾಕಿದ, ಇದು ಗಿರಣಿ ಓಣಿಯಾಯಿತು. ಇದು ನನ್ನ ಇತಿಹಾಸ. ಗಿರಣಿಯ ಸಪ್ಪಳ ಪಕ್ಕದ ಹಳ್ಳಿ ಸವಡಿಯವರೆಗೂ ಕೇಳುತ್ತಿತ್ತು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಸವಡಿಯವರು ಯಾರೂ ಕೇಳಿದೆ ಎಂದು ಹೇಳಿದ್ದಿಲ್ಲ, ಆ ಮಾತು ಬೇರೆ.

ಶಾಂತವ್ವ ಇದನ್ನು ಒಂದು ದಿನವೂ ಒಪ್ಪಲಿಲ್ಲ.

"ಗಿರಣಿ ನಿಂತು ಇಪ್ಪತ್ತ ವರ್ಷ ಆತು. ಈಗ ಅದರಾಗ ಸಿಮೆಂಟ್ ಚೀಲ ಒಟ್ಟ್ಯಾರ. ಬೇಕಾದ್ರ ಸಿಮೆಂಟ್ ಓಣಿ ಅನ್ರಿ."

ಅವಳು ನರಗುಂದದವಳು. ಅವಳ ತವರಿನ ಓಣಿಗೆ ಕುದುರಿ ಓಣಿ ಎಂದು ಹೆಸರು. ಅಲ್ಲಿ ಅರಸರ ಕುದುರೆ ಕಟ್ಟುತ್ತಿದ್ದರೆಂದು ಅವಳ ಹೆಮ್ಮೆ. ನಾನು ಬಿಡುತ್ತೇನೆಯೇ? "ಟಾಂಗಾದ ಕುಂಟ ಕುದುರಿ ಒಂದ ಇತ್ತಂತ ನಿಮ್ಮಪ್ಪಾರ ಹೇಳ್ಯಾರ," ಎನ್ನುತ್ತಿದ್ದೆ.

"ಕುಂಟಾದ್ರೂ ಅದು ಕುದುರಿ. ನಿಮ್ಮ ಗಿರಣಿ ಬರೇ ಸಪ್ಪಳ."

ನಮ್ಮ ಓಣಿಗೆ ಅವಳು ಹೇಳುತ್ತಿದ್ದ ಹೆಸರು ಶಾವಿಗಿ ಓಣಿ. ಅವಳೊಬ್ಬಳೇ ಅಲ್ಲ, ಹೆಂಗಸರೆಲ್ಲ ಹಾಗೆಯೇ ಅನ್ನುತ್ತಿದ್ದರು. ಬೇಸಿಗೆ ಬಂತೆಂದರೆ ನಮ್ಮ ಕಟ್ಟೆಗೆ ಶಾವಿಗೆ ಮಣೆ ಬರುತ್ತಿತ್ತು. ಉದ್ದನೆಯ ಗೀರು ಗೀರಿನ ಹಲಗೆ, ನಮ್ಮ ಅಜ್ಜಿಯ ಕಾಲದ್ದು. ಮೇಲ್ತುದಿ ಕಟ್ಟೆಯ ಮೇಲೆ, ಕೆಳತುದಿ ನೆಲಕ್ಕೆ. ಸವಡಿ, ರಾಜೂರ, ಹೊಳೆಮಣ್ಣೂರಿನಿಂದ ಹೆಂಗಸರು ನಾದಿದ ಕಣಕ ಕಟ್ಟಿಕೊಂಡು ಬರುವವರು. ಒಬ್ಬಳು ಮಣೆಯ ಮೇಲೆ ಹೊಸೆಯುತ್ತ ಎಳೆ ಇಳಿಸಿದರೆ, ಇನ್ನೊಬ್ಬಳು ಕೆಳಗೆ ಕೋಲಿನ ಮೇಲೆ ಹಿಡಿದು ಬಿಸಿಲಿಗೆ ಹಾಕುವಳು. ಮಣೆ ಹಳೆಯದಾದ್ದರಿಂದ ಮೇಲ್ತುದಿಯಲ್ಲಿ ಯಾರಾದರೂ ಭಾರ ಹಾಕಿ ಕೂಡಬೇಕು, ಇಲ್ಲದಿದ್ದರೆ ಸರಿಯುತ್ತದೆ. ಅಲ್ಲಿ ಕೂಡುತ್ತಿದ್ದವಳು ಶಾಂತವ್ವ. ದಣಿದಾಗ ನನ್ನನ್ನು ಕರೆಯುವಳು.

"ಬರ್ರಿ, ಒಂದ ಗಳಿಗಿ ಕುಂದರ್ರಿ. ಸುಮ್ಮನ ಕುಂದ್ರೂದು. ನಿಮಗ ಅದೊಂದ ಕೆಲಸ ಚಲೋ ಬರತೈತಿ."

ನಾನು ಒಮ್ಮೆಯೂ ಕೂಡಲಿಲ್ಲ. ಗಿರಣಿ ಮಾಲೀಕನ ಮಗ ಹೆಂಗಸರ ನಡುವೆ ಶಾವಿಗೆ ಮಣೆಯ ಮೇಲೆ ಕೂತರೆ ಹಾದು ಹೋಗುವವರು ಏನೆಂದಾರು? ಪೇಪರ್ ಹಿಡಿದು ಒಳಗೆ ಹೋಗಿಬಿಡುತ್ತಿದ್ದೆ. ಆ ಪೇಪರಿನಲ್ಲಿ ಏನಿತ್ತೆಂದು ಈಗ ಕೇಳಿದರೆ ಒಂದು ಸಾಲೂ ನೆನಪಿಲ್ಲ.

ಹೋದ ಬೇಸಿಗೆಯಲ್ಲಿ ಓಣಿಗಳ ಹೆಸರು ಬರೆದುಕೊಳ್ಳಲು ಪುರಸಭೆಯ ಗುಮಾಸ್ತರೊಬ್ಬರು ಬಂದರು. ನಾನು ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಎರಡು ಕಪ್ ಚಹಾ ಕುಡಿಸಿ, ನಮ್ಮಪ್ಪ ಗಿರಣಿ ತಂದ ಕಥೆಯನ್ನು ಮೊದಲಿನಿಂದ ಹೇಳಿದೆ. ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು.

"ಬರಕೊಳ್ರಿ ಸಾಹೇಬ್ರ, ಲಗೂನ ಬರಕೊಳ್ರಿ. ಇಲ್ಲಂದ್ರ ನೀವು ಸಂಜೀತನಾ ಇಲ್ಲೇ."

ಗುಮಾಸ್ತರು ನಕ್ಕು, "ನೀವೇನರ ಬ್ಯಾರೆ ಹೆಸರು ಹೇಳತೀರೇನ್ರಿ ಅಕ್ಕಾರ?" ಎಂದು ಕೇಳಿದರು.

ಶಾಂತವ್ವ ನನ್ನ ಮುಖ ನೋಡಿದಳು. "ಇಲ್ರಿ. ಅದ ಖರೇ ಹೆಸರು," ಎಂದು ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು.

ಅಂತೂ ಸೋತಳು ಎಂದುಕೊಂಡು ಅವತ್ತು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

ನಿನ್ನೆ ಬೆಳಿಗ್ಗೆ ಹೊಳೆಮಣ್ಣೂರಿನ ಅಜ್ಜಿಯೊಬ್ಬಳು ಸೊಸೆಯ ಕೈ ಹಿಡಿದುಕೊಂಡು ಬಂದಳು. ಸೊಸೆಯ ಕಂಕುಳಲ್ಲಿ ಹಸಿ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ. ಸರಿಯಾಗಿ ಆ ನೀಲಿ ತಗಡಿನ ಕೆಳಗೆ ನಿಂತು ಅಜ್ಜಿ ಕೇಳಿದಳು:

"ತಮ್ಮಾ, ಶಾವಿಗಿ ಓಣಿ ಇದ ಹೌದಲ್ಲೋ? ಎರಡ ವರ್ಷ ಹೊಳಿ ಬಂದು ಬೆಳಿ ಹೋಗಿ ಬರಾಕ ಆಗಲಿಲ್ಲ. ಕಣ್ಣೂ ಮಂಜಾಗ್ಯಾವ. ಶಾಂತವ್ವ ಒಳಗದಾಳೇನು?"

ಈ ಐದು ತಿಂಗಳಲ್ಲಿ ಎಷ್ಟೋ ಜನರಿಗೆ ಹೇಳಿದ ಮಾತು. ಅವಳಿಗೂ ಹೇಳಿದೆ. "ಶಾಂತವ್ವ ಹೋಗ್ಯಾಳವ್ವಾ. ಐದ ತಿಂಗಳಾತು."

ಅಜ್ಜಿ ಕಟ್ಟೆಯ ಮೇಲೆ ಕುಳಿತಳು. ಸೊಸೆ ಸೆರಗು ಬಾಯಿಗೆ ಹಿಡಿದಳು. ಅಜ್ಜಿ ತಲೆಯೆತ್ತಿ, "ಅದೇನೋ ನೀಲಿ ಕಾಣತೈತಲ್ಲ, ಏನ ಬರದಾರ?" ಎಂದಳು.

"ಗಿರಣಿ ಓಣಿ," ಎಂದೆ. ಯಾಕೋ ದನಿ ಸಣ್ಣದಾಯಿತು.

"ಅಂತೂ ಶಾಂತವ್ವ ನೀ ಅನ್ನೂ ಹೆಸರನ್ನ ಹಾಕಿಸಿದ್ಲು ನೋಡು! ಲೇ ತಮ್ಮಾ, ನಿಮ್ಮಪ್ಪ ಇಲ್ಲೇ ಯಾಕ ಗಿರಣಿ ಹಾಕಿದ, ಗೊತ್ತೈತೇನು? ನಾವು ಸಣ್ಣವರಿದ್ದಾಗ ನಮ್ಮವ್ವ ಶಾವಿಗಿ ಹೊಸ್ಯಾಕ ಇದ ಕಟ್ಟೀಗೆ ಬರತಿದ್ಲು. ಗೋದಿ ಹೊತ್ತಕೊಂಡು ಬರೂ ಹೆಂಗಸರನ್ನ ನೋಡಿನ ನಿಮ್ಮಪ್ಪ ಗಿರಣಿ ತಂದ. ಶಾವಿಗಿ ಓಣ್ಯಾಗ ಗಿರಣಿ ಬಂತು, ತಿಳೀತಿಲ್ಲೋ?"

"ಶಾಂತವ್ವಗ ಇದು ಗೊತ್ತಿತ್ತೇನು?"

"ನಿಮ್ಮವ್ವನ ಹೇಳ್ಯಾಳ. ನಾನೂ ಹೇಳೀನಿ. ಅಕಿ ತುಟೀಮ್ಯಾಲ ಬೆರಳ ಇಟಗೊಂಡು, 'ಅವರ ಮುಂದ ಅನಬ್ಯಾಡ್ರಿ ಅತ್ತಿ. ಗಿರಣಿ ಬಿಟ್ರ ಜಂಬ ಮಾಡಾಕ ಅವರ ಹತ್ರ ಏನೈತಿ' ಅಂದ್ಲು."

ನಲವತ್ತು ವರ್ಷ. ಇಷ್ಟು ದೊಡ್ಡ ಮಾತು ಕೈಯಲ್ಲಿಟ್ಟುಕೊಂಡು ಅವಳು ಬರೀ ಸಪ್ಪಳ, ಸಿಮೆಂಟ್ ಚೀಲ ಎಂದು ಚುಚ್ಚುತ್ತಿದ್ದಳು.

"ಅತ್ತಿ, ಹೋಗೂಣೇನ್ರಿ? ಕಣಕ ಹಳಸತೈತಿ," ಎಂದು ಸೊಸೆ ಮೆಲ್ಲಗೆ ಹೇಳಿದಳು.

ನಾನು ಎದ್ದು ಒಳಗೆ ಹೋದೆ. ಬಾಗಿಲ ಹಿಂದೆ ಮಣೆ ಶಾಂತವ್ವ ನಿಲ್ಲಿಸಿದ ಹಾಗೆಯೇ ನಿಂತಿತ್ತು. ಗೀರುಗಳಲ್ಲಿ ಹೋದ ವರ್ಷದ ಹಿಟ್ಟು ಬೆಳ್ಳಗೆ ಅಂಟಿತ್ತು. ಒರೆಸಲು ಮನಸ್ಸಾಗಲಿಲ್ಲ. ಆದರೆ ತಿನ್ನುವ ಪದಾರ್ಥ, ಒರೆಸಲೇಬೇಕು, ಒರೆಸಿದೆ. ಹೊರಗೆ ತಂದು ಕಟ್ಟೆಗೆ ಇಟ್ಟೆ. ಸೊಸೆ ಕಣಕ ಹಾಕಿ ಒತ್ತಿದ ಕೂಡಲೆ ಮಣೆ ಸರಿಯಿತು. ಅಜ್ಜಿ ಕೆಳಗೆ ಕೋಲು ಹಿಡಿದು ಕುಳಿತಿದ್ದಳು. ಇಬ್ಬರೂ ನನ್ನನ್ನು ನೋಡಿದರು.

ಕುಳಿತೆ. ಹಾದು ಹೋಗುವವರು ತಲೆಯ ಮೇಲಿನ ತಗಡನ್ನೂ ನೋಡಿದರು, ಕೆಳಗೆ ಮಣೆಯ ಮೇಲಿದ್ದ ನನ್ನನ್ನೂ ನೋಡಿದರು. ಎಳೆ ಇಳಿಯತೊಡಗಿತು.

"ಅಲ್ಲಾಡಬ್ಯಾಡೋ ತಮ್ಮಾ," ಎಂದಳು ಅಜ್ಜಿ, "ಎಳಿ ಹರೀತೈತಿ."

ನಾನು ಅಲ್ಲಾಡುತ್ತಿದ್ದುದು ನನಗೆ ಗೊತ್ತೇ ಆಗಿರಲಿಲ್ಲ. ಎರಡೂ ಕೈಯಿಂದ ಮಣೆ ಗಟ್ಟಿಯಾಗಿ ಹಿಡಿದುಕೊಂಡೆ.

ಇವತ್ತು ರಾಜೂರದಿಂದ ಇಬ್ಬರು ಬರುತ್ತಾರಂತೆ. ಮಣೆಯನ್ನು ಒಳಗೆ ಇಟ್ಟಿಲ್ಲ. ಪೇಪರ್ ಬಂದು ಬಿದ್ದಿದೆ, ಇನ್ನೂ ಬಿಚ್ಚಿಲ್ಲ.