ಕೊನೆಯ ಗಾಡಿಯ ಹಿಂದೆ ಒಂದು ಗಾಡಿ

ಹಳೇ ಮೋಟಾರ್‌ಸೈಕಲ್ ಕ್ಲಬ್ಬಿನಲ್ಲಿ ಅವನನ್ನು ಎಲ್ಲರೂ ಕೊನೆಯಣ್ಣ ಎಂದೇ ಕರೆಯುತ್ತಿದ್ದರು. ತಿಂಗಳಿಗೊಮ್ಮೆ ಮೂವತ್ತು ನಲವತ್ತು ಹಳೆಯ ಗಾಡಿಗಳು ಸಾಲಾಗಿ ಹೊರಟರೆ ಕಟ್ಟಕಡೆಯ ಗಾಡಿ ಅವನದು. ದಾರಿಯಲ್ಲಿ ಯಾರ ಗಾಡಿ ಕೈಕೊಟ್ಟರೂ ಪಕ್ಕದಲ್ಲಿ ನಿಲ್ಲುವುದು, ಬಿಚ್ಚುವುದು, ಜೋಡಿಸುವುದು, ಏನೂ ಆಗದಿದ್ದರೆ ಹಗ್ಗ ಕಟ್ಟಿ ಎಳೆದು ತರುವುದು ಅವನ ಪಾಲಿನ ಕೆಲಸ. ಗುರುತಿಗೆಂದು ತೋಳಿಲ್ಲದ ಒಂದು ಕಿತ್ತಳೆ ಜಾಕೆಟ್ಟು ಕೊಟ್ಟಿದ್ದರು. ಹತ್ತೊಂಬತ್ತು ವರ್ಷದ ಬಿಸಿಲು ತಿಂದು ಅದು ಕಿತ್ತಳೆಯೂ ಅಲ್ಲದ, ಹಳದಿಯೂ ಅಲ್ಲದ ಬಣ್ಣಕ್ಕೆ ಬಂದಿತ್ತು.

ವಾರದ ಮಿಕ್ಕ ದಿನಗಳಲ್ಲಿ ಅವನು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒಣಗಿಸುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಕಿಟಕಿಯಿಲ್ಲದ ನೆಲಮಾಳಿಗೆ. ಒದ್ದೆ ಹಾಸಿಗೆ ಬಟ್ಟೆಯನ್ನು ಒಳಗೆ ತುಂಬು, ಒಣಗಿದ್ದನ್ನು ಹೊರಗೆ ಎಳೆ. ಮೂವತ್ತೊಂದು ವರ್ಷದಿಂದ ಇದೇ. ಹರಿದು ಬಿಸಾಡಿದ ಹಾಸಿಗೆ ಬಟ್ಟೆಯನ್ನು ಕೇಳಿ ಪಡೆದು, ಅಂಗೈಯಗಲ ಕತ್ತರಿಸಿ, ಕ್ಲಬ್ಬಿನವರಿಗೆಲ್ಲ ಎಣ್ಣೆ ಒರೆಸಲು ಹಂಚುತ್ತಿದ್ದ. ಅಷ್ಟು ಮೆತ್ತನೆಯ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲವೆಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿ, ಇನ್ನೆರಡು ಕೇಳಿ ತೆಗೆದುಕೊಳ್ಳುತ್ತಿದ್ದರು.

ನಿಂತು ನಿಂತು ಬಲಮಂಡಿ ಸವೆದಿತ್ತು. ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ, "ಇನ್ನು ಒದ್ದು ಸ್ಟಾರ್ಟ್ ಮಾಡೋ ಗಾಡಿ ಸಾಕು" ಅಂದಿದ್ದರು. ಅವನ ಗಾಡಿಗೆ ಬೇರೆ ಸ್ಟಾರ್ಟ್ ಇರಲಿಲ್ಲ. ಅದು ಅವನಿಗಿಂತ ಎರಡು ವರ್ಷ ದೊಡ್ಡದು. ತನ್ನ ಗಾಡಿಯನ್ನು ದಿನಕ್ಕೆರಡು ಸಲ ಹೇಗೋ ಒದ್ದಾನು. ಆದರೆ ಕೊನೆಯವನು ಒದೆಯಬೇಕಾದದ್ದು ಊರವರ ಗಾಡಿಗಳನ್ನೆಲ್ಲ.

ಅಂದು ಕ್ಲಬ್ಬಿನ ವಾರ್ಷಿಕ ಪ್ರದರ್ಶನದ ದಿನ. ಬೆಳಿಗ್ಗೆ ಎಂಬತ್ತು ಕಿಲೋಮೀಟರ್ ಸವಾರಿ, ಆಮೇಲೆ ಮೈದಾನದಲ್ಲಿ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ತೀರ್ಪುಗಾರರು ನೋಡಿ ಬಹುಮಾನ ಕೊಡುತ್ತಿದ್ದರು. ಕೊನೆಯಣ್ಣನ ಗಾಡಿಯನ್ನು ಈ ಹತ್ತೊಂಬತ್ತು ವರ್ಷದಲ್ಲಿ ಒಬ್ಬ ತೀರ್ಪುಗಾರನೂ ನೋಡಿರಲಿಲ್ಲ. ಅವನು ಯಾರನ್ನೋ ಎಳೆದುಕೊಂಡು ಬಂದು ಮುಟ್ಟುವ ಹೊತ್ತಿಗೆ ಕುರ್ಚಿ ಪೇರಿಸಿಡುವವರು ಮಾತ್ರ ಇರುತ್ತಿದ್ದರು.

ಅವನ ಹೆಂಡತಿ ಅದೇ ಆಸ್ಪತ್ರೆಯಲ್ಲಿ ಇಸ್ತ್ರಿ ವಿಭಾಗದವಳು. ಈ ಸಲ ಮೂರು ಸಂಜೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಹಳೇ ಹಲ್ಲುಜ್ಜುವ ಬ್ರಷ್ಷು, ಬಿಳಿ ಪಾಲಿಶು ಹಿಡಿದು, ಗಾಡಿಯ ಒಂದೊಂದು ಬೋಲ್ಟನ್ನೂ ತಿಕ್ಕಿದ್ದಳು. ಟ್ಯಾಂಕಿನ ಮುಚ್ಚಳದಲ್ಲಿ ಅವಳ ಮುಖ ಕಾಣುತ್ತಿತ್ತು.

"ಇವತ್ತು ಜಾಕೆಟ್ ಕೊಟ್ಟು ಬರ್ತೀರಿ ತಾನೇ?" ಎಂದಳು, ಅವನು ಮಂಡಿಗೆ ಪಟ್ಟಿ ಸುತ್ತುತ್ತಿದ್ದಾಗ.

"ಕೊಡ್ತೀನಿ."

"ಹೋದ ವರ್ಷಾನೂ ಹಿಂಗೇ ಅಂದ್ರಿ."

"ಹೋದ ವರ್ಷ ಅವರು ತಗೊಳ್ಳಲಿಲ್ಲ."

"ತಗೊಳ್ಳದೇ ಇದ್ರೆ ನೆಲದ ಮೇಲೆ ಇಟ್ಟು ಬನ್ನಿ. ಬಾಯಲ್ಲಿ ಏನು ಕಡುಬು ಇಟ್ಕೊಂಡಿರ್ತೀರಾ?"

ಅವನು ನಕ್ಕ. ಆದರೆ ಈ ಸಲ ಮನಸ್ಸು ಗಟ್ಟಿ ಮಾಡಿದ್ದ. ದಣಿವು ಮೂಳೆಗೆ ಇಳಿದಿತ್ತು. ಸಾಲಿನ ಮಧ್ಯದಲ್ಲಿ ಒಬ್ಬನಾಗಿ, ಯಾರ ಜವಾಬ್ದಾರಿಯೂ ಇಲ್ಲದೆ ಒಂದು ದಿನ ಗಾಡಿ ಓಡಿಸಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಹೊರಡುವ ಜಾಗದಲ್ಲಿ ಕಾರ್ಯದರ್ಶಿಯನ್ನು ಹುಡುಕಿದ. ಅವರು ಹಲ್ಲಿನ ಡಾಕ್ಟರು, ಒಳ್ಳೆಯ ಮನುಷ್ಯ, ಮಾತಿನ ಮಲ್ಲ.

"ಸಾರ್, ಜಾಕೆಟ್ ವಿಷಯ..."

"ಹೊಸದು ಬೇಕಾ? ತರಿಸೋಣ ಬಿಡಿ!"

"ಹೊಸದಲ್ಲ ಸಾರ್. ಬೇರೆಯವರಿಗೆ..."

"ಅಯ್ಯೋ ಕೊನೆಯಣ್ಣ, ನಿಮ್ಮನ್ನ ಬಿಟ್ರೆ ಯಾರಿದ್ದಾರೆ, ನೀವೇ ಹೇಳಿ. ನಾನು ಎಂಥೆಂಥ ದವಡೆ ಹಲ್ಲು ಕಿತ್ತಿದ್ದೀನಿ, ನಿಮ್ಮನ್ನ ಆ ಜಾಗದಿಂದ ಕೀಳೋಕೆ ನನ್ನ ಕೈಲಾಗಲ್ಲ!" ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಯಾರೋ ಅವನ ಬೆನ್ನು ತಟ್ಟಿದರು. ಅಷ್ಟರಲ್ಲಿ ಮುಂದಿನ ಗಾಡಿಗಳು ಗುಡುಗತೊಡಗಿದವು, ಮಾತು ಅಲ್ಲಿಗೇ ನಿಂತಿತು.

ಅವನ ಮುಂದೆ ನಿಂತಿದ್ದವಳು ಕಾಗದ ಹಂಚುವ ಅಂಚೆಯ ಹೆಂಗಸು. ಕ್ಲಬ್ಬಿಗೆ ಬಂದು ಎರಡೇ ತಿಂಗಳು. ತೀರಿಕೊಂಡ ಅಪ್ಪನ ಗಾಡಿಯನ್ನು ತಾನೇ ಕಲಿತು ಓಡಿಸುತ್ತಿದ್ದಳು. ಹೋದ ತಿಂಗಳು ಅವಳ ಗಾಡಿ ನಿಂತಾಗ ಕೊನೆಯಣ್ಣ ಬರುವಷ್ಟರಲ್ಲಿ ಅರ್ಧ ಇಂಜಿನ್ ಬಿಚ್ಚಿ ಹರಡಿಕೊಂಡಿದ್ದಳು. ಆಗಿದ್ದದ್ದು ಪೆಟ್ರೋಲ್ ಖಾಲಿ. "ಗಾಡಿ ನಿಂತರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ನೋಡಮ್ಮ. ಮಿಕ್ಕಿದ್ದೆಲ್ಲ ಆಮೇಲೆ" ಎಂದಿದ್ದ. ಕ್ಲಬ್ಬಿನ ನಿಯಮವನ್ನೂ ಹೇಳಿಕೊಟ್ಟಿದ್ದ: ತಿರುವು ಬಂದಾಗ ನಿನ್ನ ಹಿಂದಿನವರು ಕಣ್ಣಿಗೆ ಬೀಳುವ ತನಕ ಅಲ್ಲೇ ನಿಲ್ಲಬೇಕು, ಅವರು ಕಂಡ ಮೇಲೆ ಮುಂದೆ ಹೋಗಬೇಕು. ಕೊನೆಯವನು ಯಾರನ್ನೂ ದಾಟಬಾರದು. ಕೊನೆಯವನು ಬಂದು ಮೈದಾನದ ಗೇಟಿನ ಮೊಳೆಗೆ ಜಾಕೆಟ್ಟು ನೇತುಹಾಕಿದರೆ ಮಾತ್ರ ಸವಾರಿ ಮುಗಿದ ಲೆಕ್ಕ. ಅವಳು ತಲೆಯಾಡಿಸುತ್ತಾ ಕೇಳಿದ್ದಳು. ಆ ನಿಯಮಗಳನ್ನು ಈಗ ಯಾರೂ ಪೂರ್ತಿ ಪಾಲಿಸುತ್ತಿಲ್ಲ ಎಂಬುದನ್ನು ಅವನು ಹೇಳಿರಲಿಲ್ಲ.

ಅಂದು ವಿಚಿತ್ರವೆಂಬಂತೆ ಯಾರ ಗಾಡಿಯೂ ಕೆಡಲಿಲ್ಲ. ಐವತ್ತು ಕಿಲೋಮೀಟರ್ ಆದ ಮೇಲೆ, ಈ ಸಲವಾದರೂ ಹೊತ್ತಿಗೆ ಸರಿಯಾಗಿ ಮುಟ್ಟುತ್ತೇನೇನೋ ಎಂದು ಅವನಿಗೆ ಆಸೆ ಹುಟ್ಟಿತು. ಆಸೆ ಹುಟ್ಟಿ ಐದು ನಿಮಿಷವಾಗಿರಲಿಲ್ಲ, ಅವನದೇ ಗಾಡಿ ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ನಿಂತಿತು.

ಅಂಚೆಯವಳ ಬೆನ್ನು ರಸ್ತೆಯ ಉಬ್ಬಿನಾಚೆ ಮರೆಯಾಯಿತು.

ಅವನು ಗಾಡಿಯನ್ನು ಮೋರಿಯ ಪಕ್ಕಕ್ಕೆ ತಳ್ಳಿ ಒದ್ದ. ಮತ್ತೆ ಒದ್ದ. ಪ್ಲಗ್ ಬಿಚ್ಚಿ ನೋಡಿದ, ಕಿಡಿ ಚೆನ್ನಾಗಿಯೇ ಬರುತ್ತಿತ್ತು. ತಂತಿಗಳನ್ನು ಒಂದೊಂದಾಗಿ ಎಳೆದು ನೋಡಿದ. ಪೆಟ್ರೋಲ್ ನೋಡುವ ಮಾತೇ ಇರಲಿಲ್ಲ, ಬೆಳಿಗ್ಗೆ ತಾನೇ ತುಂಬಿಸಿದ್ದ. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಇಂಜಿನ್ ಎದ್ದಿತು! ಅರ್ಧ ಕಿಲೋಮೀಟರ್ ಓಡಿ ಮತ್ತೆ ಸತ್ತಿತು. ಓಹೋ, ಕಿಡಿ ಕೊಡುವ ಕಾಯಿಲ್ಲು ಬಿಸಿಯಾದಾಗ ಸಾಯುತ್ತಿದೆ, ತಣ್ಣಗಾದಾಗ ಬದುಕುತ್ತಿದೆ ಎಂದುಕೊಂಡ. ಎಷ್ಟೋ ಗಾಡಿಗಳಲ್ಲಿ ನೋಡಿದ ಕಾಯಿಲೆ. ಹೊಸ ಕಾಯಿಲ್ಲು ಹಾಕದೆ ಉಪಾಯವಿಲ್ಲ, ಅದು ಚೀಲದಲ್ಲಿಲ್ಲ. ಒದ್ದೆ ಬಟ್ಟೆ ಸುತ್ತಿ ತಣಿಸಿದ, ಕಾದ, ಒದ್ದ. ಮತ್ತೆ ಅರ್ಧ ಕಿಲೋಮೀಟರ್. ಮೂರನೇ ಸಲ ಒದೆಯುವಾಗ ಮಂಡಿಯೊಳಗೆ ಏನೋ ಕಳಕ್ ಎಂದಿತು. ಗಾಡಿ ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತ.

ಫೋನ್ ತೆಗೆದ. ಕಾರ್ಯದರ್ಶಿಗೆ ಏನೆಂದು ಹೇಳುವುದು? ಕೊನೆಯಣ್ಣನ ಗಾಡಿ ನಿಂತಿದೆ ಎಂದರೆ ಮೈಕಿನಲ್ಲೇ ಹೇಳಿ ನಗಿಸುತ್ತಾರೆ. ಫೋನನ್ನು ಜೇಬಿಗೆ ಹಾಕಿದ. ಕೊನೆಯವನು ಬರಲಿಲ್ಲವೆಂದು ಯಾರೂ ಗಾಬರಿಯಾಗುವುದಿಲ್ಲ. ಎಲ್ಲೋ ಯಾರಿಗೋ ರಿಪೇರಿ ಮಾಡುತ್ತಿರುತ್ತಾನೆ, ಬರುತ್ತಾನೆ ಬಿಡು ಅನ್ನುತ್ತಾರೆ. ಹತ್ತೊಂಬತ್ತು ವರ್ಷ ಹಾಗೇ ಅಂದಿದ್ದಾರೆ. ಅವನಿಗೆ ಸಿಟ್ಟೂ ಬರಲಿಲ್ಲ, ಸಿಟ್ಟು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ರಸ್ತೆ ಬದಿಯ ಒಣಹುಲ್ಲಿನ ಮೇಲೆ ಕಾಲು ಚಾಚಿ, ಥಳಥಳ ಹೊಳೆಯುವ ಗಾಡಿಯನ್ನು ನೋಡುತ್ತಾ ಕೂತ. ಇಷ್ಟು ಚೆನ್ನಾಗಿ ಅದು ಯಾವತ್ತೂ ಕಂಡಿರಲಿಲ್ಲ.

ಒಂದು ಗಾಡಿಯ ಸದ್ದು ಬಂತು, ಬರಬಾರದ ದಿಕ್ಕಿನಿಂದ. ಅಂಚೆಯವಳು ವಾಪಸು ಬರುತ್ತಿದ್ದಳು.

"ತಿರುವಲ್ಲಿ ಕಾದೆ, ನೀವು ಕಾಣಲೇ ಇಲ್ಲ" ಎಂದಳು, ಇಳಿಯುತ್ತಲೇ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಎಷ್ಟು ಹೊತ್ತು ಕಾದೆ?"

"ಮುಕ್ಕಾಲು ಗಂಟೆ. ಕ್ಲಬ್ಬಿನವರು ಫೋನ್ ಮಾಡಿ ಬಾ ಬಾ ಅಂದ್ರು. ಹಿಂದಿನವರು ಕಾಣೋ ತನಕ ಹೋಗ್ಬಾರ್ದು ಅಂದಿದ್ರಲ್ಲ ನೀವು?"

ಅವನು ಗಾಡಿಯ ಕಡೆ ಕೈ ತೋರಿಸಿದ. "ಕಾಯಿಲ್ ಹೋಗಿದೆ. ನೀನು ಹೋಗಮ್ಮ, ಬಹುಮಾನ ತಪ್ಪುತ್ತೆ."

"ನನ್ನ ಗಾಡಿಗೆ ಬಹುಮಾನ ಕೊಟ್ರೆ ತೀರ್ಪುಗಾರರಿಗೆ ಕಣ್ಣು ಕಾಣಲ್ಲ ಅಂತ ಅರ್ಥ. ಪೆಟ್ರೋಲ್ ನೋಡಿದ್ರಾ?"

"ಬೆಳಿಗ್ಗೆ ತುಂಬಿಸಿದ್ದೀನಿ."

"ಮೊದಲು ಮುಚ್ಚಳ, ಮಿಕ್ಕಿದ್ದೆಲ್ಲ ಆಮೇಲೆ" ಎಂದು ಅವನ ಮಾತನ್ನು ಅವನಿಗೇ ಒಪ್ಪಿಸುತ್ತಾ ಅವಳು ಹೊಳೆಯುವ ಮುಚ್ಚಳವನ್ನು ತಿರುಗಿಸಿದಳು.

ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಇಬ್ಬರಿಗೂ ಕೇಳಿಸುವಷ್ಟು ದೊಡ್ಡದಾಗಿ.

ಕೊನೆಯಣ್ಣ ಕಣ್ಣು ಮುಚ್ಚಿಕೊಂಡ. "ಕೊಡು ಇಲ್ಲಿ ಮುಚ್ಚಳ."

ಮುಚ್ಚಳದ ನಡುವೆ ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಪೆಟ್ರೋಲ್ ಕೆಳಗಿಳಿದಂತೆಲ್ಲ ಆ ತೂತಿನಿಂದ ಗಾಳಿ ಒಳಗೆ ಹೋಗಬೇಕು. ಗಾಳಿ ಹೋಗದಿದ್ದರೆ ತುಂಬಿದ ಟ್ಯಾಂಕಿನಿಂದಲೂ ಪೆಟ್ರೋಲ್ ಇಳಿಯುವುದಿಲ್ಲ; ಗಾಡಿ ನಿಂತಷ್ಟು ಹೊತ್ತು ಅಂಚಿನಿಂದ ನುಸುಳುವ ಚೂರು ಗಾಳಿಗೆ ಅರ್ಧ ಕಿಲೋಮೀಟರಿಗೆ ಸಾಲುವಷ್ಟು ಇಳಿದರೆ ಹೆಚ್ಚು. ಆ ತೂತಿನಲ್ಲಿ ಬಿಳಿ ಪಾಲಿಶು ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಮೂರು ಸಂಜೆಯ ಪ್ರೀತಿ. ಪ್ರದರ್ಶನಕ್ಕೆಂದು ಗಾಡಿ ತಿಕ್ಕುವವರು ಮಾಡುವ ತಪ್ಪು ಇದು. ಅವನೇ ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದ.

"ಪಿನ್ ಇದೆಯಾ?" ಎಂದ.

ಅವಳು ಅಂಗಿಯ ತೋಳಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ತೂತನ್ನು ತಾನೇ ಬಿಡಿಸಿದಳು. ಆಮೇಲೆ ಅವನು ಏಳಲು ಹೊರಟಾಗ ಭುಜ ಒತ್ತಿ ಕೂರಿಸಿ, ಗಾಡಿಯನ್ನು ತಾನೇ ಒದ್ದಳು. ಮೂರನೇ ಒದೆತಕ್ಕೆ ಎದ್ದಿತು.

"ನೀವು ಮುಂದೆ ನಡೀರಿ, ನಾನು ಹಿಂದೆ ಬರ್ತೀನಿ. ಆ ಕಾಲಲ್ಲಿ ನಿಮ್ಮನ್ನ ಹಿಂದೆ ಬಿಡಲ್ಲ."

"ಆಗಲ್ಲಮ್ಮ. ಕೊನೆಯವನು ಯಾರನ್ನೂ ದಾಟಬಾರದು."

ಅವಳು ಕೈ ಚಾಚಿದಳು. "ಹಾಗಾದ್ರೆ ಜಾಕೆಟ್ ಬಿಚ್ಚಿ ಕೊಡಿ."

ಇಷ್ಟು ಸುಲಭವಾಗಿ ಯಾರಾದರೂ ಕೇಳಬಹುದು ಎಂದು ಅವನು ಎಣಿಸಿರಲಿಲ್ಲ. ಬಿಚ್ಚಿ ಕೊಟ್ಟ. ಬೆನ್ನಿಗೆ ತಣ್ಣಗೆ ಗಾಳಿ ತಾಗಿತು.

ಅವನ ಗಾಡಿಯ ಕನ್ನಡಿ ಎಷ್ಟೋ ವರ್ಷದಿಂದ ಒಳಕ್ಕೆ ಮಡಚಿಕೊಂಡೇ ಇತ್ತು. ಹಿಂದೆ ಯಾರೂ ಇಲ್ಲದವನಿಗೆ ಕನ್ನಡಿ ಯಾಕೆ? ಈಗ ಅದನ್ನು ಹೊರಕ್ಕೆ ತಿರುಗಿಸಿ ಬಿಗಿ ಮಾಡಿದ. ಹೊರಟ ಮೇಲೆ ಅದರಲ್ಲಿ ಮಾಸಿದ ಕಿತ್ತಳೆಯ ಒಂದು ಚುಕ್ಕೆ ಅಲುಗಾಡುತ್ತಾ ಬಂತು. ಮೊದಲ ತಿರುವನ್ನು ಅಭ್ಯಾಸಬಲದಿಂದ ದಾಟಿಯೇಬಿಟ್ಟ. ನೂರು ಅಡಿ ಹೋದ ಮೇಲೆ ನೆನಪಾಗಿ, ಬದಿಗೆ ನಿಲ್ಲಿಸಿ, ಅವಳು ಕಾಣುವ ತನಕ ಕಾದ.

ಮೈದಾನದಲ್ಲಿ ಕುರ್ಚಿ ಪೇರಿಸಿಡುತ್ತಿದ್ದರು. ಊಟದ ಪಾತ್ರೆಗಳನ್ನು ತೊಳೆದು ಬೋರಲು ಹಾಕಿದ್ದರು. ಹಲ್ಲಿನ ಡಾಕ್ಟರು ಗೇಟಿನ ಹತ್ತಿರವೇ ಸಿಕ್ಕಿದರು.

"ಯಾರನ್ನ ಬದುಕಿಸಿಕೊಂಡು ಬಂದ್ರಿ ಕೊನೆಯಣ್ಣ?" ಎಂದವರು ಅಂಚೆಯವಳ ಮೈಮೇಲಿನ ಜಾಕೆಟ್ಟು ನೋಡಿ ನಿಂತರು. "ಇದೇನಿದು ವೇಷ?"

ಕೊನೆಯಣ್ಣ ಗಾಡಿಯಿಂದ ಇಳಿಯಲು ಎರಡು ಸಲ ಪ್ರಯತ್ನಿಸಿ ಇಳಿದ. "ಸಾರ್, ನನ್ನ ಗಾಡಿ ನಿಂತಿತ್ತು. ಇವಳು ಬಂದಳು. ನನಗೆ ಇನ್ನು ಆಗಲ್ಲ." ಇನ್ನೂ ಸಾಲದೇನೋ ಎಂಬಂತೆ, "ಮಂಡಿ ಹೋಗಿದೆ ಸಾರ್" ಎಂದ.

ಡಾಕ್ಟರು ನಗಲು ಬಾಯಿ ತೆರೆದರು. ಅವನ ಕಾಲು ನೆಲಕ್ಕೆ ಊರದಿರುವುದನ್ನು ನೋಡಿ ಬಾಯಿ ಮುಚ್ಚಿದರು. "ಬೆಳಿಗ್ಗೆ ಇದನ್ನೇ ಹೇಳೋಕೆ ಬಂದಿದ್ರಾ?"

"ಹೂಂ."

"ನಾನು ತಮಾಷೆ ಮಾಡಿಬಿಟ್ಟೆ." ಅವರು ತಲೆ ಕೆರೆದುಕೊಂಡು ಅಂಚೆಯವಳ ಕಡೆ ತಿರುಗಿದರು. "ಹಾಗಾದ್ರೆ ಇನ್ಮೇಲೆ ನೀನೇನಮ್ಮ?"

"ನಾನಾ? ಪ್ರತಿ ಸಲ ನಾನ್ಯಾಕೆ? ನಂಗೂ ಹಸಿವಾಗುತ್ತೆ" ಎಂದಳು ಅವಳು. "ಈ ತಿಂಗಳು ನಾನು. ಮುಂದಿನ ತಿಂಗಳು ನೀವು. ಆಮೇಲೆ ಇನ್ನೊಬ್ಬರು. ಸರದಿ ಹಾಕಿ."

"ನಾನಾ! ನನಗೆ ಹಲ್ಲು ಬಿಟ್ಟು ಬೇರೆ ರಿಪೇರಿ ಬರಲ್ಲ."

"ಮೊದಲು ಮುಚ್ಚಳ ತೆಗೆದು ನೋಡಿ. ಮಿಕ್ಕಿದ್ದು ಅಣ್ಣ ಹೇಳಿಕೊಡ್ತಾರೆ, ಕೂತಲ್ಲಿಂದಲೇ."

ಡಾಕ್ಟರು ಪೇರಿಸಿಟ್ಟಿದ್ದ ಕುರ್ಚಿಗಳಲ್ಲಿ ಮೇಲಿನದನ್ನು ಇಳಿಸಿ ತಂದು ಕೊನೆಯಣ್ಣನ ಹಿಂದೆ ಇಟ್ಟರು. ಅವನು ಕೂತ. ಅಂಚೆಯವಳು ಜಾಕೆಟ್ಟನ್ನು ಮೊಳೆಗೆ ಸಿಕ್ಕಿಸಿ ಊಟ ಉಳಿದಿದೆಯೇ ಎಂದು ವಿಚಾರಿಸಲು ಹೋದಳು.

ಬೆಳಕಿರುವಾಗಲೇ ಮನೆ ಸೇರಿದ. ಹೆಂಡತಿ ಮೊದಲು ಜಾಕೆಟ್ಟಿಲ್ಲದ ಅವನ ಬೆನ್ನು ನೋಡಿದಳು, ಆಮೇಲೆ ಮಂಡಿ ನೋಡಿದಳು. ಒಂದು ಸ್ಟೂಲು ತಂದು ಕಾಲು ಎತ್ತಿಟ್ಟಳು.

"ಬಹುಮಾನ?"

"ನಾನು ಹೋಗೋ ಹೊತ್ತಿಗೆ ಮುಗಿದಿತ್ತು."

"ಇವತ್ತೂನಾ? ಯಾರ ಗಾಡಿ ನಿಂತಿತ್ತು?"

"ಯಾರೋ ಒಬ್ಬ ಮುದುಕಂದು."

"ಏನಾಗಿತ್ತಂತೆ?"

"ಸಣ್ಣದೇ. ಮುಚ್ಚಳದಲ್ಲಿ ಕಸ ಕೂತಿತ್ತು."

"ಅಷ್ಟೂ ನೋಡ್ಕೊಳ್ಳೋಕಾಗಲ್ವಾ ಜನಕ್ಕೆ" ಎಂದು ಮೂಗು ಮುರಿದು ಅವಳು ಬಿಸಿನೀರಿನ ಚೀಲ ತರಲು ಎದ್ದಳು. ಬಾಗಿಲಲ್ಲಿ ನಿಂತು, "ನಮ್ಮದು ಹೊಳೀತಿತ್ತಾ?" ಎಂದಳು.

"ಎಲ್ಲರದಕ್ಕಿಂತ" ಎಂದು ಅವನು ಕುರ್ಚಿಗೆ ತಲೆ ಆನಿಸಿದ.